ಮೆರವಣಿಗೆಯ ಕಾರು

ಅಪ್ಪಾಜಿಯೇ ನಿಜವಾಗಿ ತಪ್ಪು ಮಾಡಿದ್ದರೆ?

ದಿನವೂ ಡೈರಿ ಬರೆಯುವ ವಾಣಿ ಈ ಒಂದು ಪ್ರಶ್ನೆಯನ್ನು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಬರೆದರೆ ಅದಕ್ಕೊಂದು ಮೈ ಬಂದು, ಎದ್ದು ನಡುಮನೆಗೆ ಬಂದು ಕೂತೀತು ಎಂಬ ಹೆದರಿಕೆ. ಬಟ್ಟೆ ಹಿಂಡುವಾಗಲೋ ರೊಟ್ಟಿಯ ಹಿಟ್ಟಿಗೆ ನೀರು ಕಾಯಿಸುವಾಗಲೋ ತನಗೆ ತಾನೇ ಒಮ್ಮೆ ಕೇಳಿಕೊಂಡು, ತಕ್ಷಣ ಮನಸ್ಸನ್ನು ಬೇರೆ ಕಡೆ ತಿರುಗಿಸುತ್ತಿದ್ದಳು. ಬೇರೆ ಕಡೆ ಎಂದರೆ ಹೆಚ್ಚಾಗಿ ದೊಡ್ಡಪ್ಪನ ತಟ್ಟೆಯ ಕಡೆ. ದೊಡ್ಡಪ್ಪ ಅರ್ಧ ಊಟಕ್ಕೆ ಕೈ ಝಾಡಿಸಿ ಏಳಬೇಕು. ಎಲ್ಲರೂ ನೋಡುತ್ತಿರಬೇಕು, ಒಬ್ಬರೂ ಕೂಡ್ರಿ ಅನ್ನಬಾರದು. ಅಪ್ಪಾಜಿ ಎದ್ದು ಹೋದ ಹಾಗೆಯೇ ಹೋಗಬೇಕು. ಈ ಚಿತ್ರವನ್ನು ಅವಳು ಎಷ್ಟು ಸಲ ನೋಡಿದ್ದಳೆಂದರೆ ದೊಡ್ಡಪ್ಪನ ತಟ್ಟೆಯಲ್ಲಿ ಉಳಿದ ರೊಟ್ಟಿಯ ಚೂರು ಕೂಡ ಕಣ್ಣಿಗೆ ಕಟ್ಟಿದಂತಿತ್ತು.

ಸರಸ್ವತಿ ನಗರದ ಆ ಎರಡಂತಸ್ತಿನ ಮನೆಯನ್ನು ಕಟ್ಟಿಸಿದವನು ಅಜ್ಜ ಬಕ್ಕೇಶಪ್ಪ. ಅಲ್ಲಿ ಈಗ ಇರುವವರು ಅಜ್ಜ, ಅಜ್ಜಿ ದ್ರಾಕ್ಷಾಯಣಮ್ಮ, ಚೌಕಿಪೇಟೆಯ ಜವಳಿ ಅಂಗಡಿ ನಡೆಸುವ ದೊಡ್ಡಪ್ಪ ಬಸವಪ್ರಭು, ವಾಣಿ ಮತ್ತು ಅವಳ ತಾಯಿ ಸುಮಾ. ದೊಡ್ಡಮ್ಮ ತೀರಿಕೊಂಡ ಮೇಲೆ ಅಡುಗೆಮನೆ ಪೂರ್ತಿಯಾಗಿ ಸುಮಾಳ ಪಾಲಿಗೆ ಬಿದ್ದಿತ್ತು. ವಾಣಿಯ ತಂದೆ ಬಸವಕಿರಣ್ ಮನೆ ಬಿಟ್ಟಿದ್ದ. ಹರಿಹರದಲ್ಲಿ ಹಯಾತ್ ಸಾಬರ ಲೇತ್ ಶೆಡ್ಡಿನ ಹಿಂದೆ ಒಂದು ಕೋಣೆ ಹಿಡಿದು, ಅವರ ಬಳಿಯೇ ಕೆಲಸಕ್ಕಿದ್ದ.

ಇಷ್ಟಕ್ಕೆಲ್ಲ ಕಾರಣ ಮನೆಯ ಅಂಗಳದ ತಗಡಿನ ಮಾಡಿನ ಕೆಳಗೆ ನಿಂತಿತ್ತು. ಇಂಗ್ಲೆಂಡಿನ ಎಂ.ಜಿ. ಕಾರು; ಎರಡೇ ಸೀಟು, ಮೇಲೆ ಬಯಲು, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ಕಡು ಹಸಿರು ಬಣ್ಣ. ಹತ್ತಿ ಗಿರಣಿಗೆ ಬಂದಿದ್ದ ಇಂಗ್ಲಿಷ್ ಇಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಮರಳುವಾಗ, ಹರೆಯದಲ್ಲಿದ್ದ ಅಜ್ಜ ಅದನ್ನು ಕೊಂಡಿದ್ದ. ಆಮೇಲೆ ಯಾವಾಗಲೋ ಎಂಜಿನ್ನು ಬಿಗಿದು ನಿಂತು, ಕಾರು ವರ್ಷಗಟ್ಟಲೆ ಹೊದಿಕೆ ಹೊದ್ದು ಮಲಗಿತ್ತು. ಕಿರಣ್ ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅದು ಮುಚ್ಚಿದ ಮೇಲೆ ಅಣ್ಣನ ಅಂಗಡಿಯಲ್ಲಿ ಕೂತ. ಸೀರೆ ಬಿಡಿಸಿ ತೋರಿಸುವುದು ಬರುತ್ತಿರಲಿಲ್ಲ, ಮಡಿಸುವುದು ಮೊದಲೇ ಬರುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ದಿನ ಹೊದಿಕೆ ಎಳೆದು ಎಂಜಿನ್ನನ್ನು ಬಿಚ್ಚಿದ. ಹಯಾತ್ ಸಾಬರ ಬಳಿ ನಾಲ್ಕೂ ಸಿಲಿಂಡರಿನ ಬೋರು ಕೊರೆಸಿ, ಹೊಸ ಪಿಸ್ಟನ್ನು, ಅದರ ಸುತ್ತ ಹೊಸ ರಿಂಗು ತನ್ನ ಕೈಯಾರೆ ಕೂರಿಸಿದ. ಯುಗಾದಿಯ ಹೊತ್ತಿಗೆ ಕಾರು ಸದ್ದು ಮಾಡಿತು. ಅಪ್ಪಾಜಿ ಬಾಯಿ ತುಂಬ ನಕ್ಕದ್ದನ್ನು ವಾಣಿ ನೋಡಿದ್ದು ಆವತ್ತೇ.

ಆ ನಗು ದೊಡ್ಡಪ್ಪನ ವ್ಯಾಪಾರಕ್ಕೆ ಒದಗಿತು. ಮದುವೆಯ ಜವಳಿ ನಮ್ಮಲ್ಲಿ ತಗೊಂಡವರಿಗೆ ಮೆರವಣಿಗೆಗೆ ಈ ಕಾರು ಎಂದು ಅಂಗಡಿಯ ಮುಂದೆ ಬೋರ್ಡು ಬಿತ್ತು. ರೀಲ್ಸ್ ಮಾಡಿಸಿದ. ಇಡೀ ಮದುವೆ ಹಂಗಾಮು ಕಾರು ಬ್ಯಾಂಡಿನವರ ಬೆನ್ನಿಗೆ ಬೆನ್ನಿಗೆ, ಹಿಂದಿನ ಅಂಚಿನ ಮೇಲೆ ಮದುಮಗನನ್ನು ಕೂರಿಸಿಕೊಂಡು, ಕುಣಿಯುವವರು ಸರಿದಷ್ಟು ಸರಿಯುತ್ತ, ಊರೆಲ್ಲ ತೆವಳಿತು. ಬೇಸಿಗೆ ಏರುತ್ತಿದ್ದಂತೆ ಎಂಜಿನ್ನು ಆಯಿಲ್ ಕುಡಿಯತೊಡಗಿತು. ಹಿಂದಿನಿಂದ ನೀಲಿ ಹೊಗೆ. ಆವರಗೆರೆಯ ಬೀಗರೊಬ್ಬರು ತಮ್ಮ ಕಡೆಯವರ ಬಿಳಿ ಪಂಚೆಗಳೆಲ್ಲ ವಾಸನೆ ಹಿಡಿದವೆಂದು ಅಂಗಡಿಯಲ್ಲಿ ನಿಂತು ಗಲಾಟೆ ಮಾಡಿದರು.

ಬಸವ ಜಯಂತಿಯ ದಿನ ಎಲ್ಲರೂ ಊಟಕ್ಕೆ ಕೂತಿದ್ದರು. ಸುಮಾ ಚಟ್ನಿಪುಡಿಗೆ ಎಣ್ಣೆ ಬಿಡುತ್ತಿದ್ದಳು.

"ಸುಮಾ, ಕಿರಣಗೆ ಇನ್ನೊಂದು ಚಮಚ ಬಿಡಮ್ಮ" ಎಂದ ದೊಡ್ಡಪ್ಪ. "ಅವನ ಕೈಗೆ ಎಣ್ಣೆ ಎಷ್ಟಾದ್ರೂ ಸಾಲಲ್ಲ."

ಅಜ್ಜಿ ನಕ್ಕಳು. ಅಜ್ಜನೂ ಮೀಸೆಯಡಿ ನಕ್ಕ.

"ರಿಂಗು ಉಲ್ಟಾ ಹಾಕೋ ಫಿಟ್ಟರ್‌ನ ನಾನು ಈ ಊರಾಗೆ ನೋಡಿದ್ದು ಇದೇ ಮೊದಲು" ಎಂದ ದೊಡ್ಡಪ್ಪ, ಹೋಳಿಗೆ ಮುರಿಯುತ್ತ. "ಕಾರ್ಖಾನೆ ಸುಮ್ನೆ ಮುಚ್ಚಲಿಲ್ಲಪ್ಪ."

ಅಪ್ಪಾಜಿ ಎದ್ದ. ಕೈ ತೊಳೆದುಕೊಂಡು, ಸಣ್ಣ ಚೀಲ ಹಿಡಿದು ಹೊರಟೇಹೋದ. ಯಾರೂ ಕೂಡು ಅನ್ನಲಿಲ್ಲ. ಸುಮಾ ಎಣ್ಣೆಯ ಚಮಚ ಹಿಡಿದು ನಿಂತಲ್ಲೇ ನಿಂತಿದ್ದಳು. ಆಮೇಲೆ ಅದನ್ನು ಬಟ್ಟಲಿಗಿಟ್ಟು ಮಾವನಿಗೆ ಅನ್ನ ಬಡಿಸಿದಳು.

ಅಂದಿನಿಂದ ಆ ಮನೆಯ ಎಣ್ಣೆಯೆಲ್ಲ ಸುಮಾಳ ಲೆಕ್ಕಕ್ಕೆ ಬಂತು. ಅವಳು ಬಾಣಲೆಗೆ ಎಣ್ಣೆ ಬಗ್ಗಿಸಿದರೆ ಅಜ್ಜಿ ಬಾಗಿಲಿಗೆ ಬಂದು ನಿಲ್ಲುವಳು.

"ಗಂಡ ಅಂಗಳದಾಗೆ ಸುರೀತಾನೆ, ಹೆಂಡ್ತಿ ಒಲಿ ಮ್ಯಾಲೆ ಸುರೀತಾಳೆ. ನಮ್ಮನೀಗೆ ಒಂದು ಗಾಣನೇ ಬೇಕು ಬಿಡು."

"ಬದನೆಕಾಯಿ ಎಣ್ಣೆಗಾಯಿ ಮಾಡು ಅಂದೋರು ನೀವೇ ಅಲ್ಲೇನ್ರಿ ಅತ್ತಿ?"

"ಮಾಡು ಅಂದೆ. ಈಜಾಡ್ಸು ಅಂದೆನಾ?"

ಸುಮಾ ಉತ್ತರ ಕೊಡುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ಪಾತ್ರೆ ತಿಕ್ಕುತ್ತ ಮಗಳಿಗೆ ಹೇಳಿದಳು: "ನಿಮ್ಮಪ್ಪಾಜಿಗೆ ಮಾನ ಐತೆ, ಎದ್ದು ಹೋದ್ರು. ನಾನು ಎದ್ದು ಹೋದ್ರೆ ಸಂಜಿ ಕುಕ್ಕರ್ ಯಾರು ಇಡ್ತಾರೆ ಹೇಳು."

ವಾಣಿ ಉತ್ತರ ಹೇಳುವ ಪೈಕಿಯೇ ಅಲ್ಲ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಳು, ನೆಂಟರು ಬಂದರೆ ನೀರು ಕೊಟ್ಟು ಒಳಗೆ ಸರಿಯುವ ಹುಡುಗಿ. ಆದರೆ ಆ ವಾರದಿಂದ ಅವಳ ಫೋನಿನಲ್ಲಿ ಹಳೆಯ ಇಂಗ್ಲಿಷ್ ಕಾರುಗಳ ಎಂಜಿನ್ನುಗಳೇ ಓಡತೊಡಗಿದವು. ಎಲ್ಲೋ ಮೋಡ ಕವಿದ ಊರಿನಲ್ಲಿ ಮುದುಕರು ಬಗ್ಗಿ ನಿಂತು ಹೊಗೆಯನ್ನು ಮೂಸಿ ನೋಡುತ್ತಿದ್ದರು. ಆಯಿಲ್ ಕಾಣೆಯಾಗಲು ದಾರಿಗಳು ಕೆಲವೇ ಎಂದು ಅವಳಿಗೆ ತಿಳಿಯಿತು: ಕೆಳಗೆ ಸೋರಬೇಕು, ಇಲ್ಲವೆ ಮೇಲಿನ ವಾಲ್ವುಗಳ ಬದಿಯಿಂದ ಇಳಿದು ಉರಿಯಬೇಕು, ಇಲ್ಲವೆ ಕೆಳಗಿನಿಂದ ಪಿಸ್ಟನ್ನಿನ ರಿಂಗುಗಳನ್ನು ದಾಟಿ ಹತ್ತಿ ಉರಿಯಬೇಕು. ಯಾವ ದಾರಿಯೆಂದು ತಿಳಿದರೆ ಯಾರ ತಪ್ಪೆಂದೂ ತಿಳಿಯುತ್ತದೆ. ಅದನ್ನು ಹಿಡಿದು ದೊಡ್ಡಪ್ಪನನ್ನು ತಟ್ಟೆಯ ಮುಂದಿನಿಂದ ಎಬ್ಬಿಸಬೇಕು.

ಮೊದಲು ಕಾರಿನ ಕೆಳಗೆ ಸೀರೆ ಬಾಕ್ಸಿನ ರಟ್ಟು ಹಾಸಿದಳು. ಬೆಳಗ್ಗೆ ನೋಡಿದರೆ ನಾಲ್ಕಾರು ಹನಿ ಮಾತ್ರ. ಸೋರಿ ಹೋಗುತ್ತಿಲ್ಲ.

ಹಂಗಾಮಿನ ಕೊನೆಯ ಮೆರವಣಿಗೆಯಂದು ಸ್ಕೂಟಿ ಹತ್ತಿ ಹಿಂದೆ ಹೋದಳು. ಅಂಗಡಿಯ ಡ್ರೈವರ್ ತಿಪ್ಪೇಶ್ ಕಾರು ನಡೆಸುತ್ತಿದ್ದ. ಬ್ಯಾಂಡಿನವರು ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದರು, ಕಾರು ಅಲ್ಲೇ ಗುರುಗುಟ್ಟುತ್ತಿತ್ತು. ಎಲ್ಲ ಮುಗಿದು ಮದುಮಗ ಇಳಿದ ಮೇಲೆ ವಾಣಿ ಹತ್ತಿರ ಹೋಗಿ, ನೆಲ ನೋಡುತ್ತ ಕೇಳಿದಳು.

"ತಿಪ್ಪೇಶಣ್ಣ, ಹೈವೇ ಸೇತುವೆ ಮ್ಯಾಲೆ ಒಂದು ರೌಂಡ್ ಹೋಗ್ತೀಯಾ? ಏರುವಾಗ ಜೋರು ಒತ್ತು. ಇಳಿಯುವಾಗ ಗೇರಿನಾಗೇ ಇಟ್ಟು ಪೂರ್ತಿ ಕಾಲು ತೆಗಿ."

"ಯಾಕವ್ವ, ಸೊಳ್ಳೆ ಹೊಡೀಬೇಕಾ? ಇದು ಮೆರವಣಿಗೆ ಗಾಡಿ ಅಲ್ಲ, ಪಾಲಿಕೆಯೋರ ಹೊಗೆ ಗಾಡಿ" ಎಂದು ತಿಪ್ಪೇಶ್ ನಕ್ಕ. ಆದರೂ ಹೋದ.

ಏರಿನಲ್ಲಿ ಕಾರಿನ ಹಿಂದೆ ನೀಲಿ ಪರದೆ ಎದ್ದಿತು. ಇಳಿಜಾರಿನಲ್ಲಿ ಹೊಗೆಯೇ ಇರಲಿಲ್ಲ.

ಮರುದಿನ ಹರಿಹರದ ಬಸ್ಸು ಹತ್ತಿದಳು. ಅಮ್ಮ ಡಬ್ಬಿಗೆ ರೊಟ್ಟಿ, ಎಣ್ಣೆಗಾಯಿ ತುಂಬಿಕೊಟ್ಟಿದ್ದಳು. ಅಜ್ಜಿ ಸ್ನಾನಕ್ಕೆ ಹೋದಾಗ ಮಾಡಿದ್ದು.

ಹಯಾತ್ ಸಾಬರ ಶೆಡ್ಡು ಮುಚ್ಚಿದ ಕಾರ್ಖಾನೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತಿತ್ತು. ಸಾಬರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಲೇತಿನ ಮುಂದಿದ್ದರು. ವಾಣಿ ಮಾತು ಶುರು ಮಾಡುವ ಮೊದಲೇ ತೀರ್ಪು ಕೊಟ್ಟರು.

"ವಾಲ್ವ್ ಗೈಡು ಬೇಟಿ. ಹಳೇವು ಹಂಗೇ ಬಿಟ್ಟಿದ್ವಿ. ಸವೆದಾವೆ. ಮೇಲಿನಿಂದ ಇಳೀತೈತೆ ಆಯಿಲ್ಲು. ನಾನು ಕಿರಣಗೆ ಅವತ್ತೇ ಹೇಳಿದ್ದೆ."

"ಮೇಲಿನಿಂದ ಇಳಿಯೋದಾದ್ರೆ, ಕಾಲು ತೆಗೆದಾಗ ಹೊಗೆ ಬರಬೇಕಲ್ವೇನ್ರಿ?" ವಾಣಿಯ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. "ಇಳಿಜಾರಿನಾಗೆ ಒಂಚೂರೂ ಬರಲಿಲ್ಲ. ಏರುವಾಗ ಬಂತು."

ಸಾಬರು ಲೇತು ನಿಲ್ಲಿಸಿದರು. ಕನ್ನಡಕ ಮೇಲೇರಿಸಿ ಅವಳನ್ನು ನೋಡಿದರು. "ಮತ್ತೊಂದು ಸಲ ಹೇಳು." ಹೇಳಿದಳು. "ಹಂಗಾದ್ರೆ ನಂದು ತಪ್ಪು" ಎಂದರು. "ಕೆಳಗಿನಿಂದ ಹತ್ತತೈತೆ."

ಮೂಲೆಯಲ್ಲಿ ಕೂತು ಉಣ್ಣುತ್ತಿದ್ದ ಅಪ್ಪಾಜಿಯ ಕೈ ನಿಂತಿತು. "ಕೆಳಗಿನಿಂದ ಅಂದ್ರೆ ನನ್ನ ಕೆಲಸ ಅಂತ ತಾನೆ?"

"ನಾನೆಲ್ಲಿ ಹಂಗಂದೆ ಮಾರಾಯ."

ಅಪ್ಪಾಜಿ ಎದ್ದು, ಕಪಾಟಿನಿಂದ ಹಳೆಯದೊಂದು ರಿಂಗು ತಂದು ಮಗಳ ಅಂಗೈಯಲ್ಲಿಟ್ಟ. ಬಳೆಯಂಥದು, ಒಂದು ಕಡೆ ಸೀಳಿದ್ದು.

"ನೋಡು. ಇದು ಪಿಸ್ಟನ್ನಿನ ಎರಡನೇ ತೋಡಿನಾಗೆ ಕೂರೋ ರಿಂಗು. ಇದರ ಅಂಚು ಓರೆ ಇರ್ತೈತೆ. ಪಿಸ್ಟನ್ನು ಇಳಿಯುವಾಗ ಗೋಡಿ ಮ್ಯಾಲಿನ ಆಯಿಲ್ನ ಕೆಳಕ್ಕೆ ಕೆರೀತದೆ. ಇಲ್ಲಿ 'ಟಾಪ್' ಅಂತ ಸಣ್ಣಗೆ ಕೊರೆದಾರೆ, ಕಾಣ್ತದಾ? ಈ ಮುಖ ಮ್ಯಾಲೆ ಇರಬೇಕು. ಉಲ್ಟಾ ಹಾಕಿದ್ರೆ ಅದೇ ರಿಂಗು ಆಯಿಲ್ನ ಮ್ಯಾಲಕ್ಕೆ ಎಳೀತದೆ. ಅಂಥ ಸಿಲಿಂಡರಿನ ಪ್ಲಗ್ಗು ಒದ್ದೆ ಒದ್ದೆ, ಕರ್ರಗೆ ಆಗಿರ್ತದೆ. ನಾನು ಹಾಕಿದ ರಿಂಗು ಉಲ್ಟಾ ಇರಲ್ಲ. ಕಣ್ಣು ಮುಚ್ಚಿ ಹಾಕಿದ್ರೂ ಇರಲ್ಲ."

"ಹಂಗಂತ ದೊಡ್ಡಪ್ಪನ ಎದುರಿಗೆ ಹೇಳ್ರಿ ಅಪ್ಪಾಜಿ."

"ಅಣ್ಣನ ಎದುರಿಗೆ ಮಾತಾಡಿ ನನಗೆ ಗೊತ್ತಿಲ್ಲ. ಅವನೇ ಬಂದು ಕರೀಲಿ, ಬರ್ತೀನಿ." ಮತ್ತೆ ಊಟಕ್ಕೆ ಕೂತು, ಬದನೆಕಾಯಿ ಬಿಡಿಸುತ್ತ ಕೇಳಿದ: "ನಿಮ್ಮಮ್ಮ ಹೆಂಗದಾಳೆ? ಎಣ್ಣೆಗಾಯಿ ಭಾಳ ಚಲೋ ಆಗೇತಿ ಅಂತ ಹೇಳು."

ಅಮ್ಮನನ್ನು ಯಾರು ಬಂದು ಕರೀಬೇಕು ಎಂದು ಕೇಳಬೇಕೆನಿಸಿತು ವಾಣಿಗೆ. ಖಾಲಿ ಡಬ್ಬಿ ತೊಳೆದುಕೊಂಡು ಬಸ್ಸು ಹತ್ತಿದಳು.

ಆಷಾಢ ಹಿಡಿಯಿತು. ಮದುವೆಗಳು ನಿಂತವು, ಕಾರು ಮಾಡಿನ ಕೆಳಗೆ ಸುಮ್ಮನಾಯಿತು. ದೊಡ್ಡಪ್ಪ ಅಂಗಡಿಗೆ ಹೋದ ಒಂದು ಬೆಳಗ್ಗೆ ಹಯಾತ್ ಸಾಬರು ಮೋಪೆಡ್ಡಿನ ಮೇಲೆ ಚೀಲ ಹೇರಿಕೊಂಡು ಬಂದರು. ಅಜ್ಜ ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲಿ ಕೂತ.

"ಏನ್ ಸಾಬ್ರೆ, ನಾಡಿ ನೋಡೋಕೆ ಬಂದ್ರಾ?"

"ನನ್ನ ಕರೆಸಿದ ಡಾಕ್ಟರು ನಿಮ್ಮ ಮೊಮ್ಮಗಳೇ. ನಾನು ಕಂಪೌಂಡರು."

ವಾಣಿ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಬಟ್ಟೆಯ ಮೇಲಿಟ್ಟಳು. ಎಲ್ಲವೂ ಕಪ್ಪೇ. ಆದರೆ ಎರಡನೆಯದು ಬರೀ ಕಪ್ಪಲ್ಲ. ತುದಿಯಲ್ಲಿ ಆಯಿಲ್ ತೊಟ್ಟಿಕ್ಕುವಂತಿತ್ತು. ಅಪ್ಪಾಜಿ ಹೇಳಿದ್ದ ಒದ್ದೆ ಪ್ಲಗ್ಗು. ಸಾಬರು ಚೀಲದಲ್ಲಿ ಒತ್ತಡ ಅಳೆಯುವ ಗೇಜು ಹುಡುಕುತ್ತಿದ್ದರು, ಅಜ್ಜ ಬೀದಿಯ ಕಡೆ ನೋಡುತ್ತಿದ್ದ. ಅವಳು ಆ ಪ್ಲಗ್ಗನ್ನು ಎತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ, ಉಳಿದವುಗಳಂತೆಯೇ ಕಾಣುವ ಹಾಗೆ ಮಾಡಿ ಇಟ್ಟಳು. ಆವತ್ತು ಡೈರಿಯಲ್ಲಿ ನಾಲ್ಕೂ ಪ್ಲಗ್ಗು ಕಪ್ಪು ಎಂದಷ್ಟೇ ಬರೆದಳು.

ಸಾಬರು ಒಂದೊಂದೇ ಸಿಲಿಂಡರಿಗೆ ಗೇಜು ಸಿಕ್ಕಿಸಿ ಎಂಜಿನ್ನು ತಿರುಗಿಸಿದರು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಏರದೆ ಕೆಳಗೇ ನಿಂತಿತು. ಆಮೇಲೆ ಒಂದೊಂದು ಚಮಚ ಆಯಿಲ್ ಒಳಗೆ ಬಿಟ್ಟು ಮತ್ತೆ ತಿರುಗಿಸಿದರು. ಈ ಸಲ ಮುಳ್ಳು ಮೇಲೇರಿತು.

"ಏನದರ ಅರ್ಥ?" ಎಂದ ಅಜ್ಜ.

"ರಿಂಗಿಗೂ ಗೋಡಿಗೂ ನಡುವೆ ಸಂದು ಐತೆ ಅಜ್ಜ" ಎಂದಳು ವಾಣಿ. "ಆಯಿಲ್ಲು ಬಿದ್ದ ಕೂಡಲೆ ಸಂದು ಮುಚ್ಚಿತು, ಅದಕ್ಕೆ ಮುಳ್ಳು ಏರಿತು. ಬಿಚ್ಚಿ ನೋಡಿದ್ರೆ ಯಾಕಂತ ಗೊತ್ತಾಗ್ತದೆ."

ಅಜ್ಜ ಎದ್ದು ಕಾರನ್ನು ಒಂದು ಸುತ್ತು ಹಾಕಿದ. ಆ ರಾತ್ರಿಯ ಊಟದಲ್ಲಿ ಮಾತೆತ್ತಿದ.

"ಪ್ರಭು, ಬರೋ ಭಾನುವಾರ ಹರಿಹರಕ್ಕೆ ಹೋಗೋಣ. ಎಂಜಿನ್ನು ಬಿಚ್ಚಿಸ್ತೀನಿ. ಎಲ್ಲಾರ ಎದುರಿಗೆ."

"ಬಿಚ್ಚಿಸ್ರಿ" ಎಂದ ದೊಡ್ಡಪ್ಪ, ಮುದ್ದೆ ಮುರಿಯುತ್ತ. "ನಾನೂ ಬರ್ತೀನಿ. ಅವನ ಕೈಗುಣ ಎಲ್ಲಾರೂ ಕಣ್ಣಾರೆ ನೋಡಿಬಿಡ್ಲಿ. ಸುಮಾ, ನೀನೂ ಬಾರಮ್ಮ."

"ನಾನು ಬಂದ್ರೆ ಮಧ್ಯಾಹ್ನ ಊಟ ಯಾರು ಮಾಡ್ತಾರೆ ಭಾವಾರೆ?"

"ಅದೂ ಹೌದು."

"ಅಕಸ್ಮಾತ್ ಅವನ ತಪ್ಪು ಇಲ್ಲ ಅಂದ್ರೆ?" ಎಂದ ಅಜ್ಜ.

"ಇಲ್ಲ ಅಂದ್ರೆ ಇದೇ ಜಾಗದಾಗೆ ಕೂತು ತಪ್ಪಾತು ಅಂತೀನಿ. ನನ್ನ ಮಾತು."

ಸಾರು ಬಡಿಸುತ್ತಿದ್ದ ವಾಣಿ ತಲೆ ತಗ್ಗಿಸಿಯೇ ಇದ್ದಳು. ಮುಖ ಎತ್ತಿದ್ದರೆ ಎಲ್ಲರಿಗೂ ಅವಳ ಖುಷಿ ಕಂಡುಬಿಡುತ್ತಿತ್ತು.

ಭಾನುವಾರದ ಹೊತ್ತಿಗೆ ಕಿರಣ್ ಎಂಜಿನ್ನನ್ನು ತರಿಸಿಕೊಂಡು ಶೆಡ್ಡಿನ ಮೇಜಿನ ಮೇಲೆ ಏರಿಸಿದ್ದ. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಜ್ಜನಿಗೆ ಕುರ್ಚಿ ಹಾಕಿದರು; ಅಜ್ಜಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಳು. ವಾಣಿಯ ಮುಂದೆ ಸೀಮೆಎಣ್ಣೆಯ ಡಬ್ಬಿ, ಬ್ರಷ್ಷು. ಹೊರಬಂದದ್ದನ್ನು ತೊಳೆಯುವುದು ಅವಳ ಕೆಲಸ.

ಕಿರಣ್ ಎಂಜಿನ್ನಿನ ತಲೆ ಎತ್ತಿ ಪಕ್ಕಕ್ಕಿಟ್ಟ. ನಾಲ್ಕು ಬೋರುಗಳು ಬಾಯಿ ತೆರೆದವು. ಹಯಾತ್ ಸಾಬರು ಟಾರ್ಚು ಬಿಟ್ಟರು.

"ಬರ್ರಿ ಪ್ರಭು ಸಾಹೇಬ್ರೆ, ನೋಡ್ರಿ. ಏನು ಕಾಣ್ತದೆ?"

"ಫಳಫಳ ಅಂತದೆ. ಕನ್ನಡಿ ಇದ್ದಂಗೆ. ಚಲೋನೇ ಐತಲ್ಲ."

"ಕನ್ನಡಿ ಆಗಿದ್ದೇ ರೋಗ. ನಾನು ಬೋರು ಹೊಡೆದಾಗ ಅಡ್ಡಡ್ಡ ಗೀರು ಹಾಕಿ ಕಳಿಸಿದ್ದೆ. ಹೊಸಾ ರಿಂಗು ಆ ಗೀರಿಗೆ ಉಜ್ಜಿ ಉಜ್ಜಿ ಕೂರಬೇಕು. ಅದಕ್ಕೆ ಗಾಡಿನ ಮೊದಲು ದುಡಿಸಬೇಕು. ಏರು ಹತ್ತಿಸಬೇಕು, ಉಕ್ಕಡಗಾತ್ರಿಗೋ ಎಲ್ಲಿಗೋ ಜೋರಾಗಿ ಹೋಗಿ ಬರಬೇಕು. ನೀವು ಹುಟ್ಟಿದ ಕೂಸನ್ನ ಬ್ಯಾಂಡಿನ ಹಿಂದೆ ನಡೆಸಿದ್ರಿ. ಭಾರ ಇಲ್ಲ, ವೇಗ ಇಲ್ಲ, ನಿಂತಲ್ಲೇ ಗುರ್ ಗುರ್. ಆಯಿಲ್ಲು ಅರ್ಧಂಬರ್ಧ ಸುಟ್ಟು ಗೋಡಿಗೆ ವಾರ್ನಿಶ್ ಹೊಡೆದಂಗೆ ಹತ್ಕೊಂತು. ಗೀರು ಮುಚ್ಚಿಹೋತು. ರಿಂಗು ಕೂರಲೇ ಇಲ್ಲ."

ದೊಡ್ಡಪ್ಪ ಬೆರಳು ಇಳಿಸಿ ಗೋಡೆಯನ್ನು ಸವರಿದ. ಉಗುರಿಗೆ ಏನೂ ತಾಗಲಿಲ್ಲ. ಮತ್ತೊಂದರಲ್ಲಿ ಇಳಿಸಿದ. ನಾಲ್ಕನ್ನೂ ಮುಟ್ಟಿ ನೋಡಿದ.

"ನಾಲ್ಕೂ?" ಎಂದ ಅಜ್ಜ.

"ನಾಲ್ಕೂ. ಇದು ಮೆರವಣಿಗೆ ರೋಗ ಯಜಮಾನ್ರೆ. ಕಂಡುಹಿಡಿದೋಳು ಇವಳು. ನಾನು ವಾಲ್ವು ಅಂತ ಕೂತಿದ್ದೆ."

ಅಜ್ಜಿ ಬಾಗಿಲಿಂದಲೇ ಕೇಳಿದಳು: "ಹಂಗಾದ್ರೆ ಕಿರಣನ ತಪ್ಪಿಲ್ಲಾ?"

ದೊಡ್ಡಪ್ಪ ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುತ್ತ, ಒರೆಸಿಕೊಳ್ಳುತ್ತ, ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತ. ಅಜ್ಜ, ಅಜ್ಜಿ, ಸಾಬರು ಅವನನ್ನು ದಾಟಿ ಚಹಾಕ್ಕೆ ಹೋದರು. ವಾಣಿ ಕೂತಲ್ಲಿಂದಲೇ ಅವನನ್ನು ನೋಡಿದಳು. ಬಸವ ಜಯಂತಿಯಿಂದ ಅವಳು ಮನಸ್ಸಿನಲ್ಲಿ ಹೊತ್ತು ತಿರುಗಿದ್ದು ಇದೇ, ಈ ಬೆನ್ನು. ಬಗ್ಗಿದ, ಬಿಳಿ ಅಂಗಿಯ, ಒಂಟಿಯಾಗಿ ನಿಂತ ಬೆನ್ನು.

ಕಿರಣ್ ಹಗುರಾದ ಕೈಯಿಂದ ಪಿಸ್ಟನ್ನುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ ಮಗಳಿಗೆ ಕೊಟ್ಟ. ಏನೋ ಗುನುಗುತ್ತಿದ್ದ. ಮೊದಲನೆಯದನ್ನು ಅವಳು ತೊಳೆದಳು. ಎರಡನೆಯ ತೋಡಿನ ರಿಂಗಿನ ಮೇಲ್ಮುಖದಲ್ಲಿ 'ಟಾಪ್' ಎಂಬ ಸಣ್ಣ ಅಕ್ಷರ ಕಂಡಿತು. ಎರಡನೆಯದನ್ನು ತೊಳೆದಳು. ಅಕ್ಷರ ಕಾಣಲಿಲ್ಲ. ಮಸಿ ಇರಬೇಕೆಂದು ಮತ್ತೆ ಉಜ್ಜಿದಳು. ಪಿಸ್ಟನ್ನನ್ನು ತಲೆಕೆಳಗು ಮಾಡಿದಳು. ಅಕ್ಷರ ಅಲ್ಲಿತ್ತು, ಕೆಳಮುಖದಲ್ಲಿ.

"ಅಪ್ಪಾಜಿ."

ಕಿರಣ್ ಬಂದು ನೋಡಿದ. ಗುನುಗು ನಿಂತಿತು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದ.

"ಇದನ್ನ ಕೂರಿಸಿದ ದಿನ ಅಣ್ಣ ಫೋನಿನ ಮ್ಯಾಲೆ ಫೋನು ಮಾಡ್ತಿದ್ದ" ಎಂದ, ತನಗೇ ಹೇಳಿಕೊಳ್ಳುವಂತೆ. "ಬೇಗ ಮುಗಿಸಿ ಅಂಗಡಿಗೆ ಬಾ, ಬೀಗರು ಬಂದಾರೆ ಅಂತ." ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದ. "ರಿಂಗು ಕಳಚಿ ಡಬ್ಬಿಯಾಗೆ ಹಾಕಿಬಿಡು. ಉಳಿದ ರಿಂಗಿನ ಜೊತಿ ಸೇರಿಹೋಗ್ತದೆ."

"ಆದ್ರೆ..."

"ಇದು ಒಂದು. ಅವನು ಕೆಡಿಸಿದ್ದು ನಾಲ್ಕು. ಹಾಕು ಅಂದೆ."

ಅವಳು ಕಳಚಿದಳು. ಪಿಸ್ಟನ್ನಿನಿಂದ ಬಿಚ್ಚಿದ ಮೇಲೆ ರಿಂಗಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಹೇಗೆ ಕೂತಿತ್ತೆಂಬುದಕ್ಕೆ ಕಂಡವರ ಬಾಯಿಯೊಂದೇ ಸಾಕ್ಷಿ. ಸೀಮೆಎಣ್ಣೆಯೊಳಗೆ ಅದು ಸದ್ದಿಲ್ಲದೆ ಮುಳುಗಿತು. ಕಿರಣ್ ಅವಳ ತಲೆ ಸವರಿದ. "ಇನ್ನು ನಾನು ಮನೆಗೆ ತಲೆ ಎತ್ತಿಕೊಂಡು ಬರಬಹುದು ನೋಡು" ಎಂದ.

ಮಧ್ಯಾಹ್ನ ಎಲ್ಲರೂ ಸರಸ್ವತಿ ನಗರಕ್ಕೆ ಬಂದರು. ಕಿರಣ್ ಬರುತ್ತಾನೆಂದು ಅಜ್ಜ ಫೋನು ಮಾಡಿಸಿದ್ದ. ಸುಮಾ ಬೆಳಗಿನಿಂದ ಒಲೆಯ ಮುಂದಿದ್ದಳು: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಗುರೆಳ್ಳು ಚಟ್ನಿಪುಡಿ. ಗಂಡ ಒಳಗೆ ಬಂದಾಗ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಅವನು "ಹಸಿವಾಗೇತಿ ಸುಮಾ" ಎಂದು ತಟ್ಟೆಯ ಮುಂದೆ ಕೂತ. ಎಲ್ಲರೂ ಬಸವ ಜಯಂತಿಯಂದು ಕೂತಿದ್ದ ಜಾಗಗಳಲ್ಲೇ ಕೂತರು. ಅಜ್ಜಿ ಮೊದಲ ಬಾರಿಗೆ ಎಣ್ಣೆಯ ಬಟ್ಟಲು ತಾನೇ ತಂದು ನಡುವೆ ಇಟ್ಟಳು.

ಎಲ್ಲರೂ ಒಂದೊಂದು ರೊಟ್ಟಿ ಮುಗಿಸಿದರು.

"ಪ್ರಭು" ಎಂದ ಅಜ್ಜ. "ನಿನ್ನ ಮಾತು."

ದೊಡ್ಡಪ್ಪ ಮುರಿದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟ. ಅವನ ಮುಖ ಒಂದೇ ದಿನದಲ್ಲಿ ಅಜ್ಜನ ಮುಖದಂತಾಗಿತ್ತು.

"ತಪ್ಪಾತು ಕಿರಣ" ಎಂದ. "ರಿಂಗು ಉಲ್ಟಾ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಅಂಗಡಿಗೆ ಬಂದೋರಿಗೆಲ್ಲ ಹೇಳಿದೆ. ಅದು ಸುಳ್ಳು. ನಿನ್ನ ಕೈ ಕೆಟ್ಟಿರಲಿಲ್ಲ, ನನ್ನ ಬಾಯಿ ಕೆಟ್ಟಿತ್ತು."

ಅಷ್ಟು ಹೇಳಿ ಎದ್ದ. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು, ವಾಣಿ ಕಲ್ಪಿಸಿಕೊಂಡಿದ್ದಂತೆಯೇ. ಎಲ್ಲರೂ ನೋಡುತ್ತಿದ್ದರು. ಯಾರೂ ಕೂಡು ಅನ್ನಲಿಲ್ಲ.

ಕಿರಣ್ ಬೆನ್ನನ್ನು ಗೋಡೆಗೆ ಆನಿಸಿದ. ಚಟ್ನಿಪುಡಿಯ ನಡುವೆ ಬೆರಳಿನಿಂದ ಗುಳಿ ಮಾಡಿದ.

"ಸುಮಾ, ಇನ್ನೊಂದು ಚಮಚ ಬಿಡು" ಎಂದ, ಬಾಗಿಲ ಕಡೆ ಕೇಳಿಸುವ ಹಾಗೆ. "ನನ್ನ ಕೈಗೆ ಎಷ್ಟಾದ್ರೂ ಸಾಲಲ್ಲ. ಅಣ್ಣ ನಿಧಾನಕ್ಕೆ ಹೋಗ್ತಾನೆ ಪಾಪ, ಮೆರವಣಿಗೆ ರೂಢಿ ಆಗೇತಿ. ಬ್ಯಾಂಡಿನೋರು ಮಾತ್ರ ಕಮ್ಮಿ."

ಅಜ್ಜಿ ನಕ್ಕಳು. ಅಜ್ಜ ಮೀಸೆಯಡಿ ನಕ್ಕ.

ಸುಮಾ ನಗಲಿಲ್ಲ. ಎಣ್ಣೆಯ ಚಮಚ ಹಿಡಿದು, ಆವತ್ತು ನಿಂತಿದ್ದ ಜಾಗದಲ್ಲೇ, ಆವತ್ತು ನಿಂತಿದ್ದಂತೆಯೇ ನಿಂತಿದ್ದಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಚಮಚದ ತುದಿಯಲ್ಲಿ ಒಂದು ಹನಿ ಹಿಗ್ಗಿ, ತೊಟ್ಟಿಕ್ಕಲು ಕಾಯುತ್ತಿತ್ತು. ವಾಣಿ ಅದನ್ನೇ ನೋಡುತ್ತಿದ್ದಳು. ಅಪ್ಪಾಜಿ ತಟ್ಟೆ ಮುಂದೆ ಚಾಚಿ, ಹೆಂಡತಿಯ ಮುಖ ನೋಡದೆ, ಕೈಯಿಂದ ಬಿಡು ಬಿಡು ಎಂದು ಸನ್ನೆ ಮಾಡಿದ.

ವಾಣಿಯ ಕೈಬೆರಳುಗಳಲ್ಲಿ ಸೀಮೆಎಣ್ಣೆಯ ವಾಸನೆ ಇನ್ನೂ ಇತ್ತು. ಅವಳು ಎದ್ದು ನಿಂತಳು. ಈ ಸಲ ಬಂದ ದನಿ ಸಣ್ಣದಾಗಿರಲಿಲ್ಲ. ಹೊಸಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದ ದೊಡ್ಡಪ್ಪ ತಿರುಗಿ ನೋಡಿದ.

"ಬಂದು ಕೂಡ್ರಿ ದೊಡ್ಡಪ್ಪ" ಎಂದಳು. "ಎರಡನೇ ಸಿಲಿಂಡರಿನ ರಿಂಗು ಅಪ್ಪಾಜಿ ಉಲ್ಟಾನೇ ಹಾಕಿದ್ರು."